ಕಯಾಕಿನ ಹಿಂದಿನ ಸೀಟು

ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಕೋಕಿಲಾ ಆಫೀಸಿಗೆ ರಜೆ ಹಾಕಿ, ಮೈಸೂರು ಸಿಲ್ಕ್ ಉಟ್ಟು, ಡಾಲಸ್ ಪಕ್ಕದ ಇರ್ವಿಂಗ್‌ನಿಂದ ಹೂಸ್ಟನ್ ಪಕ್ಕದ ಸೈಪ್ರೆಸ್‌ಗೆ ಒಬ್ಬಳೇ ಕಾರು ಓಡಿಸಿಕೊಂಡು ಹೊರಟಳು. ನಾಲ್ಕು ಗಂಟೆಯ ದಾರಿ. ಅರಿಶಿನ ಕುಂಕುಮಕ್ಕೆ ಅಷ್ಟು ದೂರ ಯಾರಮ್ಮ ಹೋಗುತ್ತಾರೆ ಎಂದು ಯಾರಾದರೂ ಕೇಳಿದ್ದರೆ ಅವಳ ಬಳಿ ಉತ್ತರ ಸಿದ್ಧವಿತ್ತು: ಕರೆದವಳು ನಿಹಾರಿಕಾ. ಹೇಳದೆ ಉಳಿಸಿಕೊಂಡ ಇನ್ನೊಂದು ಉತ್ತರವೂ ಇತ್ತು. ಅಕ್ಟೋಬರ್‌ನಲ್ಲಿ ಅವಳಿಗೆ ಎರಡು ವಾರ ರಜೆ ಮಂಜೂರಾಗಿತ್ತು. ಪೂಜೆ ಮುಗಿದು ಜನ ಕರಗಿದ ಮೇಲೆ ನಿಹಾರಿಕಾಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಇಟಲಿಯ ವೆನಿಸ್‌ಗೆ ಟಿಕೆಟ್ ಬುಕ್ ಮಾಡಿಸಿಯೇ ಏಳಬೇಕೆಂದು ಅವಳು ತೀರ್ಮಾನಿಸಿದ್ದಳು. ಐವತ್ತೆರಡರ ಹೆಂಗಸಿಗೆ ಎದುರು ನೋಡಲು ಏನಾದರೊಂದು ಬೇಕಲ್ಲ. ಗಂಡನಿಂದ ಬೇರೆಯಾದ ಈ ಎರಡು ವರ್ಷಗಳಲ್ಲಿ ಕೋಕಿಲಾಳಿಗೆ ಇದ್ದದ್ದು ಅದೊಂದೇ.

ವೆನಿಸ್‌ನ ಹುಚ್ಚು ಹಿಡಿದದ್ದು ಇರ್ವಿಂಗ್‌ನಲ್ಲೇ, ಲಾಸ್ ಕೊಲಿನಾಸ್‌ನ ಕಾಲುವೆಯಲ್ಲಿ. ಆಫೀಸು ಕಟ್ಟಡಗಳ ನಡುವೆ ನುಸುಳಿಕೊಂಡು ಹೋಗುವ ಆ ಕಾಲುವೆಗೆ ಕಲ್ಲು ಹಾಸಿದ ದಡ, ಕಮಾನು ಸೇತುವೆ, ಗಂಟೆ ಗೋಪುರ, ಎಲ್ಲವೂ ಇವೆ. ಊರು ಸುತ್ತಿ ಬಂದ ಸಾಹುಕಾರನೊಬ್ಬ ನಮ್ಮ ಹಿತ್ತಲಿಗೂ ಇಂಥದೊಂದು ಇರಲಿ ಎಂದು ಮಾಡಿಸಿದ ಹಾಗೆ. ಇಲ್ಲದಿರುವುದು ಬದುಕು. ಮಧ್ಯಾಹ್ನ ಊಟದ ಡಬ್ಬಿ ಹಿಡಿದ ಆಫೀಸಿನವರು, ಬಾತುಗಳು, ಶನಿವಾರ ಬಂತೆಂದರೆ ಹದಿನೈದನೇ ಹುಟ್ಟುಹಬ್ಬಕ್ಕೆಂದು ಬುಟ್ಟಿಯಂತೆ ಉಬ್ಬಿದ ಗೌನು ತೊಟ್ಟು ಫೋಟೋ ತೆಗೆಸಿಕೊಳ್ಳುವ ಮೆಕ್ಸಿಕನ್ ಹುಡುಗಿಯರು, ಅಷ್ಟೇ. ಮಕ್ಕಳನ್ನು ಕನ್ನಡ ಕ್ಲಾಸಿಗೆ ಬಿಟ್ಟು ಸಿಗುತ್ತಿದ್ದ ಹೊತ್ತಿನಲ್ಲಿ ಕೋಕಿಲಾ ಮತ್ತು ನಿಹಾರಿಕಾ ಅಲ್ಲಿ ಇಬ್ಬರು ಕೂರುವ ಕಯಾಕ್ ದೋಣಿ ಬಾಡಿಗೆಗೆ ತೆಗೆದುಕೊಳ್ಳತೊಡಗಿದರು. ಮಕ್ಕಳು ಬೆಳೆದು ಕನ್ನಡ ಕ್ಲಾಸು ಬಿಟ್ಟರು. ಇವರು ಶನಿವಾರ ಬಿಡಲಿಲ್ಲ.

ಫೋಟೋ ತೆಗೆಯುವುದನ್ನು ನಿಹಾರಿಕಾಳಿಗೆ ಕಲಿಸಿದವಳು ಕೋಕಿಲಾ. "ಮೇಲಿಂದ ತೆಗೀಬೇಡ್ವೇ, ಪೊಲೀಸ್ ಕ್ಯಾಮೆರಾ ಥರ ಕಾಣತ್ತೆ. ಕೈ ಇಳಿಸು. ಇನ್ನೂ ಇಳಿಸು. ನೀರು ಮುಟ್ಟೋ ಹಾಗೆ ಹಿಡಿ. ನೀರೇ ನೋಡ್ತಿದೆ ಅನ್ನಿಸ್ಬೇಕು."

"ಕ್ಯಾಮೆರಾ ಒಳಗೆ ಬಿದ್ರೆ?"

"ನಿನ್ನ ಗಂಡ ಹೊಸದು ಕೊಡಿಸ್ತಾರೆ, ಹಿಡಿ."

ಇಬ್ಬರು ಕೂರುವ ಕಯಾಕ್‌ಗೆ ಒಂದು ಧರ್ಮವಿದೆ. ಮುಂದೆ ಕೂತವಳ ಕೈಯಲ್ಲಿ ಕ್ಯಾಮೆರಾ ಇದ್ದಾಗ ದೋಣಿಯ ಜವಾಬ್ದಾರಿ ಪೂರ್ತಿ ಹಿಂದೆ ಕೂತವಳದು. ಅವಳು ಹುಟ್ಟನ್ನು ಅಡ್ಡ ಮಲಗಿಸಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರನ್ನು ಮೆಲ್ಲಗೆ ಒತ್ತಿ, ಕುಣಿಯುವ ಮಗುವನ್ನು ತೊಡೆಯಲ್ಲಿ ಹಿಡಿದಂತೆ ದೋಣಿಯನ್ನು ಹಿಡಿದು ನಿಲ್ಲಿಸಬೇಕು. ಅಲೆ ಏಳಕೂಡದು. ಮುಂದಿನವಳಿಗೆ ಹಿಂದಿನವಳು ಕಾಣುವುದಿಲ್ಲ. ಫೋಟೋದಲ್ಲಂತೂ ಬರುವುದೇ ಇಲ್ಲ. "ಹಿಂದೆ ಕೂತೋಳು ಅಡುಗೆ ಮಾಡೋಳಿದ್ದ ಹಾಗೆ," ಎಂದು ನಿಹಾರಿಕಾ ನಗುತ್ತಿದ್ದಳು. "ಊಟ ಚೆನ್ನಾಗಿದೆ ಅಂತಾರೆ, ಮಾಡಿದೋರು ಯಾರು ಅಂತ ಯಾರೂ ಕೇಳಲ್ಲ." ಹೋಗುವಾಗ ಒಬ್ಬಳು ಹಿಂದೆ, ಬರುವಾಗ ಇನ್ನೊಬ್ಬಳು. ಅವರಿಬ್ಬರ ನಡುವಿನ ಕರಾರು ಅದು.

ಹಾಗೆ ತೇಲುತ್ತಲೇ ನಿಜವಾದ ಊರಿನ ಮಾತು ಬೆಳೆದದ್ದು. "ಅಲ್ಲಿ ಕಸದ ಲಾರೀನೂ ದೋಣೀನೇ ಅಂತೆ ಕಣೇ! ತರಕಾರಿ ದೋಣೀಲಿ, ಆಂಬುಲೆನ್ಸ್ ದೋಣೀಲಿ, ಹೆಣಾನೂ ದೋಣೀಲೇ." ಚರ್ಚು, ಅರಮನೆಗಳ ಫೋಟೋ ಯಾರಿಗೆ ಬೇಕು? ದೊಡ್ಡ ಕಾಲುವೆಯಲ್ಲಿ ಕಯಾಕ್ ಬಿಡುವುದಿಲ್ಲವಂತೆ, ಬೇಡ ಬಿಡು. ಗೈಡ್ ಜೊತೆಗೆ ಸಣ್ಣ ಕಾಲುವೆಗಳಲ್ಲಿ ಹೋಗೋಣ. ಬಟ್ಟೆ ಒಣಗಿಹಾಕುವವರು, ಕಿಟಕಿಯಿಂದ ಬುಟ್ಟಿ ಇಳಿಸುವವರು, ಬಾಗಿಲ ಮೆಟ್ಟಿಲಲ್ಲಿ ಕೂತು ಬಟಾಣಿ ಬಿಡಿಸುವವರು, ಅವರ ಫೋಟೋ ತೆಗೆಯೋಣ. ಗಂಡಂದಿರು ಬೇಡ, ಮಕ್ಕಳು ಬೇಡ. ದಾರಿ ತಪ್ಪಿಸಿಕೊಂಡು ಒಂದು ಇಡೀ ದಿನ ಅಲೆಯೋಣ. ಒಂದು ವರ್ಷ ಮಕ್ಕಳ ಪರೀಕ್ಷೆ ಅಡ್ಡ ಬಂತು, ಇನ್ನೊಂದು ವರ್ಷ ನಿಹಾರಿಕಾಳ ಗಂಡ ನಂದಕುಮಾರನ ಕೆಲಸ ಬದಲಾಗಿ ಅವರು ಸೈಪ್ರೆಸ್‌ಗೆ ಶಿಫ್ಟ್ ಆದರು. ಆದರೂ ಫೋನಿನಲ್ಲಿ ಮಾತು ಮುಗಿಯುವಾಗ ಇಬ್ಬರಲ್ಲಿ ಒಬ್ಬರು "ವೆನಿಸ್?" ಎನ್ನುವುದು, ಇನ್ನೊಬ್ಬರು "ವೆನಿಸ್!" ಎನ್ನುವುದು ರೂಢಿಯಾಗಿ ಉಳಿಯಿತು.

ನಿಹಾರಿಕಾ ಹೋದ ಮೇಲೆ ಹಿಂದಿನ ಸೀಟು ಖಾಲಿಯಾಯಿತು. ಕೋಕಿಲಾ ಗಂಡ ಮೋಹನರಾಜನನ್ನು ಕರೆದುಕೊಂಡು ಹೋಗಿ ಕೂರಿಸಿದಳು. ನೀರೆಂದರೆ ಹೆದರುತ್ತಿದ್ದ ಮನುಷ್ಯ, ಕಲಿತ. ಚೆನ್ನಾಗಿಯೇ ಕಲಿತ. ಹಠ ಹಿಡಿದು ದೋಣಿಯನ್ನು ಕಲ್ಲಿನಂತೆ ನಿಲ್ಲಿಸುತ್ತಿದ್ದ. ಹಾಗೆ ನಿಲ್ಲಿಸಿದ್ದಾಗಲೇ ಒಂದು ಬೆಳಿಗ್ಗೆ, ಅವಳು ಕೊಕ್ಕರೆಯೊಂದಕ್ಕೆ ಫೋಕಸ್ ಮಾಡುತ್ತಿದ್ದಾಗ, ಅವಳ ಬೆನ್ನ ಹಿಂದಿನಿಂದ ಅವನು ಹೇಳಿದ್ದು: "ಕೋಕಿ, ಇನ್ನು ಸಾಕು ಅನ್ಸತ್ತೆ. ನಾನು ಆಸ್ಟಿನ್‌ಗೆ ಹೋಗಿ ಒಬ್ನೇ ಇರ್ತೀನಿ." ಎರಡನೇ ಸಲ ಅನ್ನ ಬಡಿಸಲು ಹೋದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವಷ್ಟು ಮೆತ್ತಗಿತ್ತು ಆ ದನಿ. ಅವನ ಮುಖ ಅವಳಿಗೆ ಕಾಣಲಿಲ್ಲ. ಬೇರೆ ಹೆಂಗಸೂ ಇರಲಿಲ್ಲ, ಜಗಳವೂ ಇರಲಿಲ್ಲ. ಆ ಕೊಕ್ಕರೆಯ ಫೋಟೋ ಈಗಲೂ ಅವಳ ಕಂಪ್ಯೂಟರಿನಲ್ಲಿದೆ. ನೀರಿನ ಮೇಲೆ ಒಂದು ಗೆರೆಯಿಲ್ಲ.

ಪಾತ್ರೆ ಹಂಚಿಕೊಂಡರು, ದೇವರ ಪಟ ಹಂಚಿಕೊಂಡರು. ಓದಲು ಹೋಗಿದ್ದ ಮಗ ಆರವ್, "ಐ ಆ್ಯಮ್ ಫೈನ್ ಅಮ್ಮ," ಎಂದ. ಸ್ನೇಹಿತರನ್ನು ಹಂಚಿಕೊಳ್ಳುವ ಮಾತು ಯಾರೂ ಎತ್ತಲಿಲ್ಲ. ನಂದಕುಮಾರ ಮೋಹನನ ಬಾಲ್ಯದ ಗೆಳೆಯ, ಆಯಿತು, ಅವನ ಪಾಲಿಗೆ. ನಿಹಾರಿಕಾ ತನ್ನ ಪಾಲು ಎನ್ನುವುದರಲ್ಲಿ ಕೋಕಿಲಾಳಿಗೆ ಅನುಮಾನವೇ ಇರಲಿಲ್ಲ.

ಕಳೆದ ವರ್ಷದ ಹಬ್ಬದಲ್ಲಿ ಇರ್ವಿಂಗ್ ಹತ್ತಿರದ ಮೆಕಿನ್ನಿಯ ಒಂದು ಮನೆಯಲ್ಲಿ, ಕುಂಕುಮದ ಬಟ್ಟಲು ಹಿಡಿದ ಆ ಮನೆಯಾಕೆ ಇವಳ ಮುಂದೆ ಬಂದಾಗ ಕೈ ತಡೆಯಿತು. ವಿಧವೆಯಲ್ಲ, ಮುತ್ತೈದೆಯೂ ಅಲ್ಲ. ಇಂಥವಳಿಗೆ ಏನು ಕೊಡಬೇಕು? ಆಕೆ ಯಾರದೋ ಮುಖ ನೋಡಿ, "ಊಟ ಮಾಡ್ಕೊಂಡು ಹೋಗಿ ಕೋಕಿಲಾ," ಎಂದು ಪಕ್ಕದವಳ ಕಡೆ ತಿರುಗಿದಳು. ಅದನ್ನು ಕೇಳಿ ಫೋನಿನಲ್ಲಿ ಕೂಗಾಡಿದವಳು ನಿಹಾರಿಕಾ ಒಬ್ಬಳೇ. "ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದಾರೆ, ಬುದ್ಧಿ ಮಾತ್ರ ಫ್ರಿಜ್ಜಲ್ಲಿಟ್ಟಿದಾರೆ! ಮುಂದಿನ ವರ್ಷ ನಮ್ಮನೆಗೆ ಬಾ, ಹಣೆ ತುಂಬ ಇಡಿಸ್ತೀನಿ."

ಅದರಂತೆ ಕರೆದಳು. ಕರೆದವಳು ಒಂದು ಮಾತು ಸೇರಿಸಿದಳು, "ಕೋಕಿ, ಒಂದು ವಿಷ್ಯ. ನಮ್ಮತ್ತೆ ಬಂದಿದಾರಲ್ಲ, ಅವ್ರಿಗೆ ನಿಮ್ಮಿಬ್ರ ವಿಷ್ಯ ಹೇಳಿಲ್ಲ ಕಣೇ."

"ಎರಡು ವರ್ಷ ಆಯ್ತಲ್ಲೇ!"

"ಮೈಸೂರಲ್ಲಿದ್ದಾಗ ಹೇಳೋ ಅವಶ್ಯಕತೆ ಬರ್ಲಿಲ್ಲ. ಈಗ ಹೇಗೆ ಹೇಳ್ಲಿ? ಮೋಹನ್ ಅವ್ರ ಮನೇಲೇ ಉಂಡು ಬೆಳೆದೋರು. ಅತ್ತೆಗೆ ಬಿ.ಪಿ. ಬೇರೆ. ಆಸ್ಟಿನ್‌ನಲ್ಲಿ ಪ್ರಾಜೆಕ್ಟು, ಅದಕ್ಕೆ ಅಲ್ಲಿದಾರೆ ಅಂದಿದೀವಿ. ನೀನು ಸುಮ್ನೆ ಹೂಂ ಅಂದ್ಕೊಂಡಿರು."

"ಅಂದ್ರೆ ಒಂದು ದಿನದ ಮಟ್ಟಿಗೆ ನಾನು ಮೋಹನನ ಹೆಂಡ್ತಿ."

"ಒಂದು ಸಂಜೆ ಮಟ್ಟಿಗೆ. ಓವರ್‌ಟೈಮ್ ಕೊಡಲ್ಲ."

ಇಬ್ಬರೂ ನಕ್ಕಿದ್ದರು. ಹಿರಿಯರ ಮನಸ್ಸು ಕಾಯುವ ಇಂಥ ಸುಳ್ಳುಗಳು ಅವರ ಬಳಗದಲ್ಲಿ ಹೊಸವಲ್ಲ. ಕೆಲಸ ಕಳೆದುಕೊಂಡ ಅಳಿಯ "ಮನೆಯಿಂದಲೇ ಕೆಲಸ" ಮಾಡುತ್ತಿರುತ್ತಾನೆ, ಗೆಳತಿಯ ಜೊತೆಗಿರುವ ಮಗ "ರೂಮ್‌ಮೇಟ್" ಜೊತೆಗಿರುತ್ತಾನೆ. ಫೋನಿಡುವಾಗ ಕೋಕಿಲಾ "ವೆನಿಸ್?" ಎಂದಳು. ಆ ಕಡೆಯಿಂದ "ಹೂಂ ಹೂಂ, ಬಾ, ಮಾತಾಡೋಣ," ಎಂದು ಬಂತು. ಹಬ್ಬದ ಗಡಿಬಿಡಿ ಎಂದುಕೊಂಡಳು.

ಸೈಪ್ರೆಸ್‌ನ ಮನೆಯ ಮುಂದೆ ಕಾರುಗಳ ಸಾಲು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡ. ಹೂಸ್ಟನ್‌ನ ಬಿಸಿಗಾಳಿ ಒದ್ದೆ ಟವೆಲಿನಂತೆ ಮುಖಕ್ಕೆ ಸುತ್ತಿಕೊಳ್ಳುತ್ತಿತ್ತು. ಒಳಗೆ ಜರಿಸೀರೆ ಉಟ್ಟ ಕಲಶಕ್ಕೆ ಬಳೆ, ಓಲೆ, ಸರ. ಸದಾ ಏನಾದರೂ ಬಡಬಡಿಸುವ ಗೋಡೆಯಗಲದ ಟಿವಿ ಅಂದು ಕಪ್ಪಗಿತ್ತು.

"ಬಂದ್ಯಾ!" ನಿಹಾರಿಕಾ ಓಡಿಬಂದು ತಬ್ಬಿಕೊಂಡಳು. "ಏನೇ ಇಷ್ಟು ಸೊರಗಿದೀಯ? ಸೀರೆನೇ ನಿಂಗೆ ಭಾರ ಆಗಿದೆ."

"ನಿನಗೋಸ್ಕರಾನೇ ಡಯಟ್ಟು. ಕಯಾಕ್‌ನಲ್ಲಿ ನೀನು ನನ್ನನ್ನ ತಳ್ಬೇಕಲ್ಲ. ನಿಹಾ, ಅಕ್ಟೋಬರ್ ರಜ ಸಿಕ್ತು ಕಣೇ."

"ಆಮೇಲೆ, ಆಮೇಲೆ. ಮೊದ್ಲು ಈ ಸೌತೆಕಾಯಿ ಹೆಚ್ಚಿಕೊಡು, ಕೋಸಂಬರಿಗೆ."

ಅಡುಗೆಮನೆಯಲ್ಲಿ ಪಕ್ಕದ ಬೀದಿಯ ತೃಪ್ತಿ ಒಬ್ಬಟ್ಟು ಬೇಯಿಸುತ್ತಿದ್ದಳು. ಬಾಯಿ ಸುಮ್ಮನಿರದ ಹುಡುಗಿ. "ಏನೇ ಹೇಳಿ, ಇಟಲಿಯವ್ರ ಆ ಸ್ವೀಟು ಇದ್ರ ಮುಂದೆ ಏನೂ ಅಲ್ಲ, ಅಲ್ವಾ ನಿಹಾರಿಕಾ? ಅಲ್ಲಿ ದಿನಾ..."

"ತೃಪ್ತಿ, ಸೀದುಹೋಗ್ತಿದೆ ನೋಡು!" ಎಂದಳು ನಿಹಾರಿಕಾ. ಒಬ್ಬಟ್ಟು ಸೀದಿರಲಿಲ್ಲ. ಕೋಕಿಲಾ ಸೌತೆಕಾಯಿ ಹೆಚ್ಚುತ್ತಲೇ ಇದ್ದಳು.

ನಿಹಾರಿಕಾಳ ಅತ್ತೆ ಚಂದ್ರಮ್ಮ ಕಲಶದ ಪಕ್ಕ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ತಾವೇ ಕುಂಕುಮ ಕೊಡುತ್ತಿದ್ದರು. ಇವಳನ್ನು ಕಂಡೊಡನೆ ಎರಡೂ ಕೈ ಚಾಚಿದರು. "ಬಾರೇ ನನ್ನ ಮೋಹನನ ಹೆಂಡ್ತಿ! ಎಷ್ಟು ವರ್ಷ ಆಯ್ತು ನಿನ್ನ ಮುಖ ನೋಡಿ."

ಅವರ ಕೈ ತಡೆಯಲಿಲ್ಲ. ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ಬೈತಲೆಗೂ ಒಂದು ಚಿಟಿಕೆ, ತಲೆಗೆ ಮಲ್ಲಿಗೆ. ಕೋಕಿಲಾ ಬಗ್ಗಿ ಕಾಲು ಮುಟ್ಟಿದಾಗ ಬೆನ್ನಮೇಲೆ ಕೈಯಿಟ್ಟು, "ಮುತ್ತೈದೆಯಾಗಿ ನೂರು ಕಾಲ ಬಾಳಮ್ಮ," ಎಂದರು. ಸುಳ್ಳಿನ ಮೇಲೆ ಬಿದ್ದ ಹರಕೆ. ಆದರೂ ಎರಡು ವರ್ಷಗಳಿಂದ ಯಾರೂ ಮುಟ್ಟದ ಬೆನ್ನು ಆ ಕೈಯ ಬಿಸಿಯನ್ನು ಬೇಡವೆನ್ನಲಿಲ್ಲ. ಕೋಕಿಲಾ ಏಳುವುದನ್ನು ಸ್ವಲ್ಪ ತಡಮಾಡಿದಳು.

"ನನ್ನ ಮಂಡಿ ಹಿಡ್ಕೊಂಡಿದೆ. ಸ್ವಲ್ಪ ರೂಮಿಗೆ ಕರ್ಕೊಂಡು ಹೋಗು, ಕೂತು ಮಾತಾಡೋಣ. ಇಲ್ಲಿ ಬರೀ ಗದ್ದಲ," ಎಂದರು ಚಂದ್ರಮ್ಮ.

ರೂಮಿನಲ್ಲಿ ಮಂಚದ ಪಕ್ಕದ ಮೇಜಿನ ಮೇಲೆ ಒಂದು ಡಿಜಿಟಲ್ ಫ್ರೇಮ್ ಇತ್ತು. ಫೋಟೋಗಳು ತಾವೇ ಬರುವುದು, ಕರಗುವುದು, ಇನ್ನೊಂದಾಗುವುದು. "ನಮ್ಮ ಮಗ ನಂದು ಹಾಕಿಕೊಟ್ಟಿದ್ದು," ಎಂದರು ಚಂದ್ರಮ್ಮ ಹೆಮ್ಮೆಯಿಂದ. "ನಂಗೆ ಟಿವಿಗಿಂತ ಇದೇ ವಾಸಿ. ಟಿವಿಯಲ್ಲಿ ಯಾವಾಗ ನೋಡಿದ್ರೂ ಅತ್ತೆ ಸೊಸೆ ಜಗಳ."

ಕೋಕಿಲಾ ನಕ್ಕು ಫ್ರೇಮಿನ ಕಡೆ ನೋಡಿದಳು. ಇಕ್ಕಟ್ಟಾದ ಹಸಿರು ನೀರು, ಎರಡೂ ಕಡೆ ಗಾರೆ ಉದುರಿದ ಗೋಡೆ, ಮೇಲೆ ಒಂದು ಮನೆಯಿಂದ ಎದುರುಮನೆಗೆ ಹಗ್ಗ, ಹಗ್ಗದ ತುಂಬ ಒಗೆದ ಬಟ್ಟೆ. ಆ ಬಟ್ಟೆಗಳನ್ನು ಅಷ್ಟು ಕೆಳಗಿನಿಂದ, ನೀರಿನ ಮಟ್ಟದಿಂದ ತೆಗೆದಿದ್ದರು. ಮುಂದಿನದು ತರಕಾರಿ ತುಂಬಿದ ದೋಣಿ. ಬದನೆಕಾಯಿ ರಾಶಿಯ ಹಿಂದೆ ಬೀಡಿ ಕಚ್ಚಿದಂತೆ ಸಿಗರೇಟು ಕಚ್ಚಿ ಕೂತ ಮುದುಕ. ಆಮೇಲೆ ಕಸದ ದೋಣಿ. ಆಮೇಲೆ ಮೂರನೇ ಮಹಡಿಯ ಕಿಟಕಿಯಿಂದ ಅಜ್ಜಿಯೊಬ್ಬಳು ಹಗ್ಗ ಕಟ್ಟಿ ಇಳಿಸುತ್ತಿರುವ ಬುಟ್ಟಿ. ಬುಟ್ಟಿ ಒಂದು ಮೇಲೆ, ಅದರದೇ ಬಿಂಬ ಒಂದು ನೀರಿನಲ್ಲಿ, ಎರಡೂ ಒಂದನ್ನೊಂದು ಮುಟ್ಟಲು ಹೊರಟಂತೆ.

ಎಷ್ಟು ಒಳ್ಳೆಯ ಫೋಟೋ ಎಂದೇ ಅವಳಿಗೆ ಮೊದಲು ಅನ್ನಿಸಿದ್ದು. ಕೈ ಎಷ್ಟು ಇಳಿಸಿದ್ದಾರೆ, ಶಾಭಾಸ್, ಎಂದು.

"ನಮ್ಮ ಸೊಸೆ ತೆಗೆದಿದ್ದು," ಎಂದರು ಚಂದ್ರಮ್ಮ. "ಅದೇ ಮೇ ತಿಂಗಳಲ್ಲಿ ಎಲ್ಲ ಜೋಡಿಗಳು ಹೋಗಿದ್ರಲ್ಲ. ನೀರೇ ಬೀದಿಯಂತೆ ಆ ಊರಲ್ಲಿ. ಇಗೋ, ನಿನ್ನ ಗಂಡ ಬಂದ ನೋಡು."

ಮೋಹನರಾಜ ಫ್ರೇಮಿನೊಳಗೆ ನಗುತ್ತಿದ್ದ. ಒಂದು ಕಡೆ ನಂದಕುಮಾರ, ಇನ್ನೊಂದು ಕಡೆ ನಿಹಾರಿಕಾ, ಹಿಂದೆ ತೃಪ್ತಿ ಮತ್ತು ಅವಳ ಗಂಡ, ಎಲ್ಲರ ಮೈಮೇಲೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಮೋಹನನ ತಲೆಯ ಮೇಲೆ ನೀಲಿ ಟೋಪಿ. ಗ್ಯಾಲ್ವೆಸ್ಟನ್ ಬೀಚಿನಲ್ಲಿ ಕೋಕಿಲಾಳೇ ಆರಿಸಿ ಕೊಡಿಸಿದ್ದು.

"ಪಾಪ, ನಿಂಗೆ ರಜ ಸಿಗ್ಲಿಲ್ವಂತಲ್ಲ. ಹೋಗೋ ಮುಂಚೆ ಇಲ್ಲಿಗೆ ಬಂದಿದ್ದ, ನಾನು ಚೆನ್ನಾಗಿ ಬೈದೆ. ಹೆಂಡ್ತಿನ ಬಿಟ್ಟು ಊರು ಸುತ್ತೋಕೆ ನಾಚಿಕೆ ಆಗಲ್ವೇನೋ ಅಂದೆ. ಹಲ್ಲು ಕಿಸಿದ. ಅವನು ಚಿಕ್ಕಂದಿನಿಂದ ಹಾಗೇ, ಏನು ಕೇಳಿದ್ರೂ ಹಲ್ಲು ಕಿಸೀತಾನೆ. ರಜ ಯಾಕೆ ಕೊಡ್ಲಿಲ್ಲಮ್ಮ ನಿಮ್ಮ ಆಫೀಸಲ್ಲಿ?"

ಹೂಂ ಅನ್ನು ಸಾಕು ಎಂದಿದ್ದಳಲ್ಲ ನಿಹಾರಿಕಾ. ಯಾವುದಕ್ಕೆಲ್ಲ ಹೂಂ ಅನ್ನಬೇಕಾದೀತು ಎಂದು ಹೇಳಿರಲಿಲ್ಲ.

"ಕೆಲಸ ಜಾಸ್ತಿ ಇತ್ತಮ್ಮ," ಎಂದಳು ಕೋಕಿಲಾ. "ರಜ ಸಿಗ್ಲಿಲ್ಲ."

"ಹೋಗ್ಲಿ ಬಿಡು, ಮುಂದಿನ ಸಲ ಇಬ್ರೂ ಹೋಗಿ," ಎಂದು ಚಂದ್ರಮ್ಮ ಅವಳ ಕೈ ತಟ್ಟಿದರು. ಫ್ರೇಮಿನಲ್ಲಿ ಬುಟ್ಟಿ ಇಳಿಸುವ ಅಜ್ಜಿ ಮತ್ತೆ ಬಂದಳು.

ಮೇ ತಿಂಗಳಲ್ಲಿ ನಿಹಾರಿಕಾ ಏನು ಹೇಳಿದ್ದಳು? ನಂದುವಿನ ಕಾನ್ಫರೆನ್ಸು, ಷಿಕಾಗೋ, ಸಿಗ್ನಲ್ ಸರಿಯಿರಲ್ಲ. ಬೆಳಗಿನ ದೋಸೆಯ ಫೋಟೋವನ್ನೂ ವಾಟ್ಸಾಪಿಗೆ ಹಾಕುವವಳು ಈ ಒಂದು ಫೋಟೋವನ್ನೂ ಎಲ್ಲೂ ಹಾಕಿರಲಿಲ್ಲ. ಇಡೀ ಬಳಗವೇ ಹಾಕಿರಲಿಲ್ಲ. ಎಲ್ಲರೂ ಸೇರಿ ಬಾಯಿ ಕಟ್ಟಿಕೊಂಡಿದ್ದರು, ಮಗು ಮಲಗಿದ ಮನೆಯಲ್ಲಿ ಓಡಾಡುವವರಂತೆ.

ನಿಹಾರಿಕಾ ಸಿಕ್ಕಿದ್ದು ಗರಾಜಿನಲ್ಲಿ, ಎರಡನೇ ಫ್ರಿಜ್ಜಿನ ಮುಂದೆ, ಐಸಿನ ಚೀಲ ಎಳೆಯುತ್ತಾ. ತಲೆಯ ಮೇಲೆ ಗೋಡೆಗೆ ತೂಗುಹಾಕಿದ್ದ ಎರಡು ಕಯಾಕ್ ಹುಟ್ಟುಗಳು. ಕಾಲುವೆಯ ಕಾಲದವು.

"ವೆನಿಸ್ ಚೆನ್ನಾಗಿತ್ತಾ ನಿಹಾ?"

ಐಸಿನ ಚೀಲ ಕೈಯಲ್ಲೇ ಉಳಿಯಿತು. ನಿಹಾರಿಕಾ ತಿರುಗಿ ನೋಡಿದಳು. "ಅಯ್ಯೋ ದೇವರೇ. ಆ ಫ್ರೇಮು. ಇವೇ ಫೋಟೋ ಬರತ್ತೆ ಅಂತ ಟಿವೀನೂ ಆಫ್ ಮಾಡಿದ್ದೆ, ಅತ್ತೆ ರೂಮಿಂದು ಮರೆತೇಹೋಯ್ತು."

ಮೊದಲು ಬಂದ ಪಶ್ಚಾತ್ತಾಪ ಫ್ರೇಮಿನದು. ಅದನ್ನೂ ಕೋಕಿಲಾ ಗಮನಿಸಿದಳು.

"ಹೇಳ್ಬೇಕು ಅಂತಲೇ ಇದ್ದೆ, ನಿನ್ನಾಣೆ ಕೋಕಿ. ನಿಂಗೆ ನೋವಾಗತ್ತೆ ಅಂತ ತಡೆದೆ. ಮೋಹನ್ ಒಂಟಿಯಾಗಿ ಕೂತಿದಾರೆ, ಕರ್ಕೊಂಡು ಹೋಗೋಣ ಅಂತ ನಂದು ಹಠ ಹಿಡಿದ್ರು. ಮಿಕ್ಕೋರೆಲ್ಲ ಜೋಡಿ. ನಿನ್ನೂ ಕರೆದಿದ್ರೆ ನೀವಿಬ್ರೂ ಒಂದೇ ಕಡೆ..."

"ನಾನೂ ಒಂಟಿಯಾಗೇ ಕೂತಿದೀನಲ್ಲೇ."

"ನೀನು ಗಟ್ಟಿ ಕಣೇ. ಅವ್ರು ಪಾಪ, ಒಂದು ಅನ್ನ ಮಾಡ್ಕೊಳ್ಳೋಕೆ ಬರಲ್ಲ."

ಒಂಟಿ ಗಂಡಸು ಪಾಪ. ಒಂಟಿ ಹೆಂಗಸು ಗಟ್ಟಿ. ಅನ್ನ ಮಾಡಲು ಬರದಿದ್ದರೆ ಜನ ವೆನಿಸ್‌ಗೆ ಕರೆದುಕೊಂಡು ಹೋಗುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ತಾನು ಅಡುಗೆ ಕಲಿಯುತ್ತಲೇ ಇರಲಿಲ್ಲ ಎಂದುಕೊಂಡಳು ಕೋಕಿಲಾ. ಬೇರೆ ದಿನವಾಗಿದ್ದರೆ ಅದನ್ನು ನಿಹಾರಿಕಾಳಿಗೇ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳು ಬೇರೆ ಮಾತು ಕೇಳಿದಳು.

"ಹಿಂದೆ ಯಾರು ಕೂತಿದ್ರು?"

"ಏನು?"

"ಅಜ್ಜಿ ಬುಟ್ಟಿ ಇಳಿಸೋ ಫೋಟೋ. ನೀರು ಒಂಚೂರೂ ಅಲ್ಲಾಡಿಲ್ಲ. ನಿನ್ನ ಹಿಂದೆ ಯಾರು ಹಿಡಿದಿದ್ರು?"

ನಿಹಾರಿಕಾ ಐಸಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನಂದುಗೆ ಸೊಂಟ ನೋವು, ಕಯಾಕ್ ಬೇಡ ಅಂದ್ರು. ಮೋಹನ್ ಕೂತ್ರು. ಅಷ್ಟೇ ಕಣೇ. ಬೇರೆ ಏನೂ..."

"ಬೇರೆ ಏನೂ ಇಲ್ಲ ಅಂತ ನಂಗೊತ್ತು. ನಾನು ಅದನ್ನ ಕೇಳ್ಲಿಲ್ಲ."

"ಚೆನ್ನಾಗಿ ಹಿಡಿದ್ರು. ಗೈಡ್ ಕೂಡ ಮೆಚ್ಚಿಕೊಂಡ. ಕೋಕಿ ಕಲಿಸಿದ್ದು ಅಂತ ಅವ್ರೇ ಹೇಳಿದ್ರು."

ಅದು ಸಮಾಧಾನದ ಮಾತೆಂದು ನಿಹಾರಿಕಾ ನಿಜವಾಗಿಯೂ ನಂಬಿದ್ದಳು. ಕೋಕಿಲಾ ಗೋಡೆಯ ಹುಟ್ಟುಗಳನ್ನು ನೋಡುತ್ತಾ ನಿಂತಳು. ಕ್ಯಾಮೆರಾ ಇಳಿಸಲು ಮುಂದಿನವಳಿಗೆ ಕಲಿಸಿದ್ದು ಅವಳು. ದೋಣಿ ನಿಲ್ಲಿಸಲು ಹಿಂದಿನವನಿಗೆ ಕಲಿಸಿದ್ದೂ ಅವಳು. ಬಟ್ಟೆಯ ಹಗ್ಗ, ತರಕಾರಿ ದೋಣಿ, ಬುಟ್ಟಿ, ಎಲ್ಲವೂ ಅವಳು ವರ್ಷಗಟ್ಟಲೆ ಬಾಯಲ್ಲಿ ಹೇಳಿ ಹೇಳಿ ಕಟ್ಟಿದವು. ಇಬ್ಬರೂ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದ್ದರು. ದೋಣಿಯಲ್ಲಿ ಅವಳಿಗೊಂದು ಸೀಟು ಮಾತ್ರ ಇರಲಿಲ್ಲ.

"ಅಕ್ಟೋಬರ್‌ಗೆ ಹೋಗೋಣ ಕೋಕಿ." ನಿಹಾರಿಕಾಳ ಕಣ್ಣಲ್ಲಿ ನೀರಿತ್ತು. "ಖಂಡಿತ ಹೋಗೋಣ. ನಾವಿಬ್ರೇ. ನಾನೇ ಹಿಂದೆ ಕೂರ್ತೀನಿ. ಈಗ ನಂಗೆ ಎಲ್ಲ ದಾರೀನೂ ಗೊತ್ತು, ಆ ಅಜ್ಜಿ ಮನೆ ಎಲ್ಲಿದೆ ಅಂತಾನೂ ಗೊತ್ತು. ಎಲ್ಲ ತೋರಿಸ್ತೀನಿ ನಿಂಗೆ."

ದಾರಿ ತಪ್ಪಿಸಿಕೊಳ್ಳುವುದಕ್ಕೆಂದು ಹೊರಡಬೇಕಿದ್ದ ಊರು. ಅದಕ್ಕೆ ಈಗ ಗೈಡ್ ಸಿಕ್ಕಿದ್ದಳು.

"ಬೇಡ ನಿಹಾ," ಎಂದಳು ಕೋಕಿಲಾ. ಅವಳಿಗೇ ಕೇಳಿಸಿದ ಆ ದನಿ ಎಲೆಗೆ ಕೈ ಅಡ್ಡ ಹಿಡಿದಷ್ಟು ಮೆತ್ತಗಿತ್ತು. ಇಷ್ಟು ಸುಲಭವೇ ಇದು, ಎಂದು ಮೋಹನನ ಬಗ್ಗೆ ಒಂದು ಗಳಿಗೆ ಅರ್ಥವಾದಂತಾಯಿತು. "ಐಸ್ ಕರಗ್ತಿದೆ. ಒಳಗೆ ನಡಿ."

"ಕೋಕಿ, ಒಂದು ಮಾತು ಬೈಯೇ. ಜಗಳ ಆಡೇ ನನ್ನ ಜೊತೆ."

ಆಡಬಹುದಿತ್ತು. ಜಗಳವಾಡಿದರೆ ಅಳುತ್ತಾರೆ, ಅತ್ತರೆ ತಬ್ಬಿಕೊಳ್ಳುತ್ತಾರೆ, ತಬ್ಬಿಕೊಂಡರೆ ಟಿಕೆಟ್ ಬುಕ್ ಆಗುತ್ತದೆ. ಕೋಕಿಲಾ ಸೆರಗಿನಿಂದ ನಿಹಾರಿಕಾಳ ಕೆನ್ನೆ ಒರೆಸಿದಳು. ಒಳಗೆ ಜನರಿದ್ದರು.

"ಅತ್ತೆಗೆ ಏನೂ ಹೇಳ್ಲಿಲ್ಲ ತಾನೇ?" ಎಂದಳು ನಿಹಾರಿಕಾ ಸಣ್ಣಗೆ.

"ಇಲ್ಲ. ಹೂಂ ಅಂದೆ."

ಹೊರಡುವಾಗ ಚಂದ್ರಮ್ಮ ಮಂಡಿ ಹಿಡಿದುಕೊಂಡು ಕಾರಿನ ತನಕ ಬಂದರು. ತಾಂಬೂಲದ ಚೀಲದ ಮೇಲೆ ಇನ್ನೊಂದು ಪೊಟ್ಟಣವಿಟ್ಟರು. ಫಾಯಿಲ್‌ನಲ್ಲಿ ಸುತ್ತಿದ ಒಬ್ಬಟ್ಟು, ಇನ್ನೂ ಬಿಸಿ. "ಇದು ಮೋಹನಂಗೆ. ಅವನಿಗೆ ಪ್ರಾಣ. ಹೂರಣ ನಾನೇ ಮಾಡಿದ್ದು, ತುಪ್ಪ ಒಳಗೇ ಹಾಕಿದೀನಿ. ನೀನೇ ಕೈಯಾರೆ ಕೊಡು, ಮರೀಬೇಡ." ಬಾಗಿಲಲ್ಲಿ ನಿಂತ ನಿಹಾರಿಕಾ ತಲೆ ತಗ್ಗಿಸಿದಳು.

"ಕೊಡ್ತೀನಮ್ಮ," ಎಂದಳು ಕೋಕಿಲಾ.

ಊರಿನ ಅಂಚಿನ ಸಿಗ್ನಲ್‌ನಲ್ಲಿ ಎರಡು ಬೋರ್ಡುಗಳಿದ್ದವು. ಎಡಕ್ಕೆ ಹೋದರೆ ಆಸ್ಟಿನ್, ನೇರ ಹೋಗಿ ಹೆದ್ದಾರಿ ಹಿಡಿದರೆ ಡಾಲಸ್. ಕೆಂಪು ದೀಪ ಹಸಿರಾಯಿತು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆಯುವವರೆಗೆ ಅವಳಿಗೆ ಅದು ಕಾಣಲಿಲ್ಲ. ಹೋಗಬೇಕೆಂಬ ಮನಸ್ಸಲ್ಲ. ಪಕ್ಕದ ಸೀಟಿನಲ್ಲಿ ಅವನ ಹೆಸರಿನ ಒಬ್ಬಟ್ಟು ಇತ್ತು, ಹಣೆಯ ಮೇಲೆ ಅವನ ಹೆಸರಿನ ಕುಂಕುಮ ಇತ್ತು, ಅಷ್ಟೇ. ಅವಳು ನೇರ ಹೋದಳು.

ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಳು. ಸಂಜೆಯಾದರೂ ಬೇಸಿಗೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಪಕ್ಕದಲ್ಲಿ ಮೀನು ಹಿಡಿಯಲು ಹೊರಟ ಸಂಸಾರವೊಂದು ದೋಣಿ ಕಟ್ಟಿದ ಟ್ರಕ್ಕಿಗೆ ಪೆಟ್ರೋಲ್ ಹಾಕಿಸುತ್ತಿತ್ತು. ಕೋಕಿಲಾ ಫಾಯಿಲ್ ಬಿಚ್ಚಿ, ಸಿಲ್ಕಿನ ಸೆರಗನ್ನು ಮಡಿಲಿಗೆ ಸಿಕ್ಕಿಸಿಕೊಂಡು, ಒಂದು ಒಬ್ಬಟ್ಟು ತಿಂದಳು. ಮಧ್ಯಾಹ್ನದಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಇನ್ನೊಂದು ತಿಂದಳು. ಏಲಕ್ಕಿ ಹದವಾಗಿತ್ತು, ತುಪ್ಪ ಧಾರಾಳವಾಗಿತ್ತು, ಆ ಮುದುಕಿಯ ಕೈ ಯಾವ ಸುಳ್ಳನ್ನೂ ಬೆರೆಸಿರಲಿಲ್ಲ. ಮೂರನೆಯದನ್ನು ಬಾಯಿಗಿಟ್ಟಾಗ ಅಳು ಬಂತು. ಅಗಿಯುವುದನ್ನೂ ನಿಲ್ಲಿಸಲಾಗದೆ, ಅಳುವುದನ್ನೂ ನಿಲ್ಲಿಸಲಾಗದೆ, ಸ್ಟಿಯರಿಂಗಿಗೆ ಹಣೆ ಒತ್ತಿದಳು. ತಲೆ ಎತ್ತಿದಾಗ ಅದರ ಮೇಲೆ ಕುಂಕುಮ ಅಂಟಿತ್ತು.

ಗಂಡ ಹೋದಾಗ ಹೀಗೆ ಅತ್ತಿರಲಿಲ್ಲ. ಆಗ ಅಳುವುದಕ್ಕೆ ಫೋನ್ ಮಾಡಲು ಒಬ್ಬಳಿದ್ದಳು.

ಮರುದಿನ ಶನಿವಾರ. ಬೆಳಿಗ್ಗೆ ಬೇರೆಲ್ಲಿಗೆ ಹೋಗಬೇಕೆಂದು ತಿಳಿಯದೆ ಕಾಲುವೆಗೆ ಹೋದಳು. ಕಯಾಕ್ ಬಾಡಿಗೆಯ ಹುಡುಗಿ ಗುರುತು ಹಿಡಿದು, "ಎಂದಿನಂತೆ ಡಬಲ್?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಬಾಯಿ ತಾನಾಗಿ "ಯೆಸ್" ಎಂದಿತು. ತಿದ್ದಿ ಹೇಳಲು ಸಂಕೋಚವಾಯಿತು.

ಇಬ್ಬರ ದೋಣಿಯಲ್ಲಿ ಒಬ್ಬರೇ ಹಿಂದೆ ಕೂತರೆ ಮೂತಿ ಮೇಲೇಳುತ್ತದೆ, ಗಾಳಿ ಅದನ್ನು ಹಿಡಿದು ತನಗೆ ಬೇಕಾದ ಕಡೆ ತಿರುಗಿಸುತ್ತದೆ. ಹೇಗೋ ಸೇತುವೆಯ ತನಕ ಹೋದಳು. ಅಲ್ಲಿ, ಆಫೀಸು ಕಟ್ಟಡದ ಹಿಂಬಾಗಿಲ ಮೆಟ್ಟಿಲ ಮೇಲೆ, ಕಸಗುಡಿಸುವ ಮೆಕ್ಸಿಕನ್ ಹೆಂಗಸೊಬ್ಬಳು ಪೊರಕೆ ಪಕ್ಕಕ್ಕಿಟ್ಟು, ಶೂ ಕಳಚಿ, ಕಾಲನ್ನು ನೀರಿಗೆ ಇಳಿಬಿಟ್ಟು ಕೂತಿದ್ದಳು. ಮಡಿಲಲ್ಲಿ ಕಿತ್ತಳೆಹಣ್ಣು. ಸಿಪ್ಪೆ ಸುಲಿದು ಒಂದೊಂದೇ ತೊಳೆ ಬಾಯಿಗಿಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಈ ನಕಲಿ ಕಾಲುವೆಯಲ್ಲಿ ಕಾಣದಿದ್ದ ಬದುಕು ಅಂದೇ ಮೊದಲು ಕಂಡಿತು. "ನಿಹಾ, ನೋಡೇ," ಎನ್ನಹೊರಟ ಕೋಕಿಲಾಳ ಕಣ್ಣು ಮುಂದಿನ ಖಾಲಿ ಸೀಟಿಗೆ ಬಿತ್ತು.

ಹುಟ್ಟನ್ನು ತೊಡೆಯ ಮೇಲಿಟ್ಟು ಕ್ಯಾಮೆರಾ ತೆಗೆದಳು. ಕೈ ಇಳಿಸಿದಳು, ನೀರು ಮುಟ್ಟುವಷ್ಟು. ಹೆಂಗಸು ಒಂದು ಕ್ಷಣ ಚೌಕಟ್ಟಿನ ನಡುವೆ ಇದ್ದಳು, ಅವಳ ಬಿಂಬವೂ ಇತ್ತು. ಅಷ್ಟರಲ್ಲಿ ದೋಣಿ ತಿರುಗತೊಡಗಿತು. ಮೆಟ್ಟಿಲು ಸರಿಯಿತು, ಪೊರಕೆ ಸರಿಯಿತು, ಗೋಡೆ ಬಂತು, ಗಂಟೆ ಗೋಪುರ ಬಂತು. ಕ್ಯಾಮೆರಾ ಬಿಟ್ಟು ಹುಟ್ಟು ಹಿಡಿದು ದೋಣಿಯನ್ನು ನೇರ ಮಾಡಿದಳು. ಹುಟ್ಟು ಬಿಟ್ಟು ಕ್ಯಾಮೆರಾ ಹಿಡಿಯುವಷ್ಟರಲ್ಲಿ ಅದು ಮತ್ತೆ ತಿರುಗಿತು.

ಮೂರನೇ ಸಲ ಅವಳು ಪ್ರಯತ್ನಿಸಲಿಲ್ಲ. ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು, ಆ ಹೆಂಗಸು ಹಣ್ಣು ಮುಗಿಸುವುದನ್ನು ಕತ್ತು ತಿರುಗಿಸಿ ತಿರುಗಿಸಿ, ದೋಣಿ ತೋರಿಸಿದಷ್ಟು ನೋಡಿದಳು. ಚೀಲದಲ್ಲಿ ಫೋನ್ ರಿಂಗಾಗುತ್ತಿತ್ತು. ಶನಿವಾರ ಇಷ್ಟು ಹೊತ್ತಿಗೆ ಫೋನ್ ಮಾಡುವವಳು ಒಬ್ಬಳೇ.